ಕೆರಾಡಿಯಿಂದ ಮರವಂತೆಗೆ ಹೋಗುವವರು: ಮಾಡಬೇಕಾದ್ದು, ಮಾಡಬಾರದ್ದು

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ನೋಡಲು ಚಂದ. ಕಡಲು, ಹೊಳೆ, ಹೆದ್ದಾರಿ ಮೂರೂ ಜೀವ ತೆಗೆಯುವಂಥವು. ಹೊರಡುವ ಮೊದಲೇ ಓದಿ.

ಮಾಡಬೇಕಾದ್ದು

- ಹಿಂದಿನ ದಿನವೇ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಕಡಲು ಬಿರುಸು ಎಂದಿದ್ದರೆ ಪ್ರವಾಸ ಮುಂದೂಡಿ.
- ಕತ್ತಲಾಗುವ ಮೊದಲು ದಂಡೆ ಬಿಡಿ.
- ಮಕ್ಕಳ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಿ. ‘ಎಲ್ಲರೂ ನೋಡ್ತಾ ಇದ್ದಾರಲ್ಲ’ ಎಂದಲ್ಲೇ ಮಗು ಕಾಣೆಯಾಗುವುದು.
- ಸೆಳೆತಕ್ಕೆ ಸಿಕ್ಕರೆ ದಡದ ಗುಂಟ ಅಡ್ಡಕ್ಕೆ ಈಜಿ. ಎಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ಕೈ ಸೋತರೆ ಅಂಗಾತ ತೇಲಿ, ಕೂಗಿ.
- ಯಾರಾದರೂ ಕೊಚ್ಚಿಹೋದರೆ ಹಗ್ಗ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ. 112ಕ್ಕೆ ಕರೆ ಮಾಡಿ. ಹತ್ತಿರದ ಮೀನುಗಾರರನ್ನು ಕೂಗಿ ಕರೆಯಿರಿ.
- ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಿರಬೇಕು. ಮನೆಗೆ ಒಯ್ಯುವುದಾದರೆ ಐಸಿನಲ್ಲಿಡಿ.

ಮಾಡಬಾರದ್ದು

- ಮಳೆಗಾಲದಲ್ಲಿ ನೀರಿಗೆ ಇಳಿಯಬಾರದು. ಪಾದ ನೆನೆಸುವುದೂ ಬೇಡ. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಳ್ಳುತ್ತದೆ. ಬಿದ್ದವರನ್ನು ಮುಂದಿನ ಅಲೆ ಒಯ್ಯುತ್ತದೆ.
- ಊರ ಹೊಳೆಯಲ್ಲಿ ಈಜು ಕಲಿತ ಧೈರ್ಯ ಇಲ್ಲಿ ಬೇಡ. ಹೊಳೆಯಲ್ಲಿ ನೀರು ಒಯ್ದರೂ ದಡ ಪಕ್ಕದಲ್ಲೇ ಇರುತ್ತದೆ. ಕಡಲ ಸೆಳೆತ ದಡದಿಂದಲೇ ದೂರ ಒಯ್ಯುತ್ತದೆ.
- ಅಲೆ ಇಲ್ಲದ ಜಾಗ ಹುಡುಕಿ ಇಳಿಯುವುದು ಬೇಡವೇ ಬೇಡ. ಎರಡೂ ಬದಿಗೆ ಅಲೆ ಒಡೆದು, ನಡುವಿನ ನೀರು ಮಾತ್ರ ಸುಮ್ಮನಿದ್ದರೆ ಸೆಳೆತ ಇರುವುದು ಅಲ್ಲೇ. ಈಜು ಬಲ್ಲವರೂ ಹೋಗುವುದು ಹೀಗೆಯೇ.
- ತಡೆಗೋಡೆಯ ಕಲ್ಲು ಹತ್ತಬಾರದು. ಪಾಚಿಗೆ ಕಾಲು ಜಾರುತ್ತದೆ. ಸಂದಿಗೆ ಬಿದ್ದವರನ್ನು ಎತ್ತುವುದು ಕಷ್ಟ.
- ಸೆಲ್ಫಿಗೆಂದು ಕಡಲಿಗೆ ಬೆನ್ನು ಹಾಕುವುದು ಬೇಡ.
- ಕಡಲು, ಹೊಳೆ ಎರಡೂ ಒಂದೇ ಫೋಟೋದಲ್ಲಿ ಬರಲೆಂದು ಹೆದ್ದಾರಿ ಮಧ್ಯೆ ನಿಲ್ಲಬಾರದು. ಲಾರಿ ನಿಮಗಾಗಿ ನಿಲ್ಲುವುದಿಲ್ಲ.
- ಸೌಪರ್ಣಿಕಾ ತಣ್ಣಗಿದೆ ಎಂದು ಈಜಬಾರದು. ಭರತ ಇಳಿತ ಅಲ್ಲಿಗೂ ಬರುತ್ತದೆ.
- ಕುಡಿದವರು ನೀರಿನ ಹತ್ತಿರ ಸುಳಿಯಬಾರದು.
- ಕೊಚ್ಚಿಹೋದವರ ಹಿಂದೆ ಬರಿಗೈಯಲ್ಲಿ ಹಾರಬಾರದು. ಒಂದು ಹೆಣದ ಬದಲು ಎರಡಾಗುತ್ತದೆ.
- ಬೆಂದ ಮೇಲೂ ಬಾಯಿ ಬಿಡದ ಮರುವಾಯಿ ತಿನ್ನಬಾರದು.
- ಜೂನ್, ಜುಲೈಯಲ್ಲಿ ‘ತಾಜಾ ಅಂಜಲ್’ ಎಂಬ ಬೋರ್ಡು ನೋಡಿ ಮರುಳಾಗುವುದು ಬೇಡ. ಆ ಎರಡು ತಿಂಗಳು ಯಾಂತ್ರೀಕೃತ ದೋಣಿಗಳಿಗೆ ನಿಷೇಧ; ನಾಡದೋಣಿ ಮೀನು ಸಿಕ್ಕರೆ ಸರಿ, ಇಲ್ಲವೆಂದರೆ ಕೋಳಿಸುಕ್ಕ, ನೀರುದೋಸೆ ತಿಂದು ಬನ್ನಿ.