ಅಳೆದು ಜೋಡಿಸುವ ವಿದ್ಯೆ: ಎಂಜಿನ್ ಬದಲಾವಣೆಯಲ್ಲಿ ಇಂಧನ ಇಂಜೆಕ್ಟರುಗಳ ತಂತಿಜೋಡಣೆ

ಪ್ರೌಢಶಾಲೆಯ ಭೌತಶಾಸ್ತ್ರದ ಪಾಠಗಳಲ್ಲಿ ಓಮನ ನಿಯಮಕ್ಕೆ ಸ್ಥಿರವಾದ ಸ್ಥಾನವಿದೆ. ಜರ್ಮನಿಯ ವಿಜ್ಞಾನಿ ಓಮನು 1827ರಲ್ಲಿ ಪ್ರಕಟಿಸಿದ ಈ ನಿಯಮವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ, ಲೆಕ್ಕಗಳನ್ನು ಬಿಡಿಸುತ್ತಾರೆ, ಪರೀಕ್ಷೆಯಲ್ಲಿ ಅಂಕಗಳನ್ನೂ ಗಳಿಸುತ್ತಾರೆ. ಆದರೆ ಕೈಗೆಲಸದಲ್ಲಿ ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಕೇಳಿದರೆ ಉತ್ತರ ಹೊಳೆಯುವುದು ವಿರಳ. ಒಂದು ಕಾರಿನ ಎಂಜಿನ್ನನ್ನು ಇಳಿಸಿ, ಆ ಸ್ಥಾನದಲ್ಲಿ ಬೇರೆ ಮಾದರಿಯ ಎಂಜಿನ್ನನ್ನು ಕೂರಿಸುವಾಗ ಇಂಧನ ಇಂಜೆಕ್ಟರುಗಳಿಗೆ ತಂತಿ ಜೋಡಿಸುವ ಹಂತವು ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರವಾಗಿದೆ. ಅಲ್ಲಿ ಒಂದು ಸಣ್ಣ ಭಾಗಾಕಾರವನ್ನು ಮಾಡದೆ ಹೋದರೆ ಬೆಲೆಬಾಳುವ ಉಪಕರಣ ಸುಟ್ಟುಹೋಗುತ್ತದೆ. ಪೆಟ್ರೋಲ್ ಸುರಿದು ಬೆಂಕಿಯ ಅಪಾಯವೂ ಒದಗಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಅವಲೋಕಿಸುವುದು ಉಚಿತವೆನಿಸುತ್ತದೆ.

ಇಂಜೆಕ್ಟರಿನ ಸ್ವರೂಪ

ಹಿಂದಿನ ಪೆಟ್ರೋಲ್ ಕಾರುಗಳಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕೆಲಸವನ್ನು ಕಾರ್ಬ್ಯುರೇಟರ್ ಮಾಡುತ್ತಿತ್ತು. ಜರ್ಮನಿಯ ಬಾಷ್ ಸಂಸ್ಥೆಯು 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ ಕಾರುಗಳ ಮೂಲಕ ಬಳಕೆಗೆ ತಂದಿತು. ಅಲ್ಲಿಂದೀಚೆಗೆ ಕಾರ್ಬ್ಯುರೇಟರಿನ ಸ್ಥಾನವನ್ನು ಇಂಜೆಕ್ಟರುಗಳು ಕ್ರಮೇಣ ಆಕ್ರಮಿಸಿಕೊಂಡವು. ಬೆಂಗಳೂರಿನ ಮೈಕೋ ಕಾರ್ಖಾನೆಯ ಮೂಲಕ ನಮ್ಮ ನಾಡಿನವರಿಗೆ ಡೀಸೆಲ್ ಇಂಜೆಕ್ಷನ್ ಪಂಪು ಪರಿಚಿತವೇ ಆಗಿದೆ. ಆದರೆ ಆ ಹಳೆಯ ಡೀಸೆಲ್ ಪಂಪು ಯಾಂತ್ರಿಕ ಒತ್ತಡದಿಂದ ನಡೆಯುವಂಥದು; ಇಲ್ಲಿ ಹೇಳುತ್ತಿರುವ ಪೆಟ್ರೋಲ್ ಇಂಜೆಕ್ಟರ್ ವಿದ್ಯುತ್ತಿನಿಂದ ತೆರೆಯುವ ಕವಾಟ.

ಇದರ ರಚನೆ ಸರಳವಾಗಿದೆ. ಒಂದು ತಂತಿಯ ಸುರುಳಿ, ಅದರ ನಡುವೆ ಚಲಿಸುವ ಕಬ್ಬಿಣದ ತುಂಡು, ಅದಕ್ಕೆ ಅಂಟಿಕೊಂಡ ಸೂಜಿ, ಸೂಜಿಯನ್ನು ಒತ್ತಿ ಹಿಡಿಯುವ ಸ್ಪ್ರಿಂಗು. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಕಾಂತವಾಗಿ ಸೂಜಿಯನ್ನು ಮೇಲಕ್ಕೆಳೆಯುತ್ತದೆ. ಒತ್ತಡದಲ್ಲಿರುವ ಪೆಟ್ರೋಲ್ ತುಂತುರಾಗಿ ಹೊರಚಿಮ್ಮುತ್ತದೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿರುವಾಗ ನಾಲ್ಕು ಹೊಡೆತಗಳ ಒಂದು ಆವರ್ತಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲಿ 20 ಭಾಗ, ಅಂದರೆ 20 ಮಿಲಿಸೆಕೆಂಡು ಮಾತ್ರ. ಇಂಜೆಕ್ಟರ್ ತೆರೆಯುವುದೂ ಮುಚ್ಚುವುದೂ ಅಷ್ಟರೊಳಗೇ ನಡೆಯಬೇಕು.

ವಿದ್ಯುತ್ತಿನ ದಾರಿ

ಪ್ರತಿಯೊಂದು ಇಂಜೆಕ್ಟರಿಗೂ ಎರಡು ತಂತಿಗಳು. ಒಂದರಲ್ಲಿ, ಕೀಲಿ ತಿರುಗಿಸಿದೊಡನೆ ರಿಲೇಯ ಮೂಲಕ ಬ್ಯಾಟರಿಯ 12 ವೋಲ್ಟ್ ಬಂದು ನಿಂತಿರುತ್ತದೆ. ಇನ್ನೊಂದು ತಂತಿ, ಕಾರ್ಯಾಗಾರಗಳಲ್ಲಿ ಇ.ಸಿ.ಯು. ಎಂದು ಕರೆಯುವ ವಿದ್ಯುನ್ಮಾನ ನಿಯಂತ್ರಕಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ನಿಯಂತ್ರಕವು ಇಂಜೆಕ್ಟರಿಗೆ ವಿದ್ಯುತ್ತನ್ನು ಕಳುಹಿಸುವುದಿಲ್ಲ. ಅದರೊಳಗಿನ ಟ್ರಾನ್ಸಿಸ್ಟರು ಈ ಎರಡನೆಯ ತಂತಿಯನ್ನು ಬೇಕಾದಷ್ಟು ಕಾಲ ಅರ್ತ್‌ಗೆ ಸೇರಿಸಿ ಬಿಡುತ್ತದೆ. ಆಗ ಮಂಡಲ ಪೂರ್ಣವಾಗಿ ಇಂಜೆಕ್ಟರ್ ತೆರೆಯುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರು ಈ ಸಂಗತಿಯನ್ನು ಚೆನ್ನಾಗಿ ಮನನ ಮಾಡಿಕೊಳ್ಳಬೇಕು. ನಿಯಂತ್ರಕದ ತಂತಿಗೆ 12 ವೋಲ್ಟನ್ನು ನೇರವಾಗಿ ಜೋಡಿಸಿದರೆ, ಟ್ರಾನ್ಸಿಸ್ಟರು ತೆರೆದ ಕ್ಷಣದಲ್ಲಿ ನಡುವೆ ಸುರುಳಿಯ ತಡೆಯಿಲ್ಲದೆ ಪ್ರವಾಹ ನುಗ್ಗಿ ಅದು ಸುಟ್ಟುಹೋಗುತ್ತದೆ. ಅದೇ ತಂತಿಯ ಹೊದಿಕೆ ಸವೆದು ಕಾರಿನ ಲೋಹದ ಮೈಗೆ ತಗುಲಿದರೆ ಇನ್ನೂ ಅಪಾಯ. ಕೀಲಿ ತಿರುಗಿಸಿದೊಡನೆ ಆ ಇಂಜೆಕ್ಟರ್ ತೆರೆದೇ ನಿಲ್ಲುತ್ತದೆ. ಪಂಪು ನಿರ್ಮಿಸಿದ ಒತ್ತಡಕ್ಕೆ ಪೆಟ್ರೋಲ್ ಸಿಲಿಂಡರಿನತ್ತ ಸುರಿಯತೊಡಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಸಾಧ್ಯವಿಲ್ಲವಾದ್ದರಿಂದ, ಪೆಟ್ರೋಲ್ ತುಂಬಿದ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿದಾಗ ಕನೆಕ್ಟಿಂಗ್ ರಾಡು ಬಾಗುವ ಸಂಭವವುಂಟು.

ಎರಡು ಬಗೆಯ ಸುರುಳಿಗಳು

ಇಂಜೆಕ್ಟರಿನ ಸುರುಳಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರ ರೋಧ ಸುಮಾರು 2 ಓಮ್. ಇನ್ನೊಂದರದು ಸುಮಾರು 12 ಓಮ್. ಸುರುಳಿಯ ಸ್ವಪ್ರೇರಣೆಯಿಂದಾಗಿ ವಿದ್ಯುತ್ ಪ್ರವಾಹ ಅದರಲ್ಲಿ ಒಮ್ಮೆಲೇ ಏರುವುದಿಲ್ಲ. ಸುತ್ತುಗಳು ಕಡಿಮೆಯಿದ್ದಷ್ಟೂ ಅದು ಬೇಗ ಏರುತ್ತದೆ, ಕವಾಟವೂ ಬೇಗ ತೆರೆಯುತ್ತದೆ. ಆದುದರಿಂದಲೇ ಆರಂಭದ ವ್ಯವಸ್ಥೆಗಳಲ್ಲಿ ಕಡಿಮೆ ರೋಧದ ಸುರುಳಿಗಳು ರೂಢಿಯಲ್ಲಿದ್ದವು.

ಇಲ್ಲಿ ಓಮನ ನಿಯಮವನ್ನು ಅನ್ವಯಿಸಿ ನೋಡೋಣ. ಎಂಜಿನ್ ಓಡುತ್ತಿರುವಾಗ ವೋಲ್ಟೇಜು ಸುಮಾರು 14 ಇರುತ್ತದೆ. ರೋಧ 12 ಓಮ್ ಆದರೆ ಪ್ರವಾಹ 1.2 ಆಂಪಿಯರಿಗೂ ಕಡಿಮೆ. ಸಾಮಾನ್ಯ ಟ್ರಾನ್ಸಿಸ್ಟರು ಇದನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ರೋಧ 2 ಓಮ್ ಆದರೆ ಪ್ರವಾಹ 7 ಆಂಪಿಯರ್. ಇದನ್ನು ಎದುರಿಸಲು ಎರಡು ಉಪಾಯಗಳಿವೆ. ಮೊದಲನೆಯದು, ಕವಾಟವನ್ನು ಹೆಚ್ಚಿನ ಪ್ರವಾಹದಿಂದ ತೆರೆದು ಆಮೇಲೆ ಕಡಿಮೆ ಪ್ರವಾಹದಿಂದ ಹಿಡಿದಿಡುವ ವಿಶೇಷ ಮಂಡಲವನ್ನು ನಿಯಂತ್ರಕದಲ್ಲಿಯೇ ಅಳವಡಿಸುವುದು. ಎರಡನೆಯದು, ಪ್ರತಿ ಇಂಜೆಕ್ಟರಿನ ದಾರಿಯಲ್ಲಿಯೂ ಸುಮಾರು 6 ಓಮಿನ ರೋಧಕವೊಂದನ್ನು ಸರಣಿಯಲ್ಲಿ ಸೇರಿಸುವುದು. ಆಗ ಒಟ್ಟು ರೋಧ 8 ಓಮ್, ಪ್ರವಾಹ 1.75 ಆಂಪಿಯರ್. ಇಂಜೆಕ್ಟರ್ ತೆರೆದಿರುವಷ್ಟು ಕಾಲ ಆ ರೋಧಕದಲ್ಲಿ ಸುಮಾರು 18 ವಾಟಿನ ಶಾಖ ಹುಟ್ಟುತ್ತದೆ. ರೋಧ-ಪೆಟ್ಟಿಗೆಯನ್ನು ಲೋಹದ ಕವಚದಲ್ಲಿಟ್ಟು ಕಾರಿನ ಮೈಗೆ ತಿರುಪಿನಿಂದ ಬಿಗಿಯುವುದರ ಮರ್ಮ ಇದೇ.

ಒಂದು ನಿದರ್ಶನ

ಅಮೆರಿಕದಲ್ಲಿ 1992ರಿಂದ 1995ರವರೆಗೆ ಮಾರಾಟವಾದ ಹೊಂಡಾ ಸಿವಿಕ್ ಕಾರಿಗೆ, ಅದೇ ಕಂಪನಿಯ ಪ್ರಿಲ್ಯೂಡ್ ಕಾರಿನ 2157 ಘನ ಸೆಂಟಿಮೀಟರಿನ ಎಚ್22ಎ ಎಂಜಿನ್ನನ್ನು ಅಳವಡಿಸುವುದು ಅಲ್ಲಿನ ಹವ್ಯಾಸಿಗಳಲ್ಲಿ ಪ್ರಸಿದ್ಧವಾದ ಕೆಲಸ. ಸಿವಿಕ್‌ನ ಮೂಲ ಇಂಜೆಕ್ಟರುಗಳು ಹೆಚ್ಚು ರೋಧದವು; ಆ ಕಾರಿನಲ್ಲಿ ರೋಧ-ಪೆಟ್ಟಿಗೆಯೇ ಇಲ್ಲ. ಎಚ್22ಎ ಎಂಜಿನ್ನಿನ ಇಂಜೆಕ್ಟರುಗಳು ಕಡಿಮೆ ರೋಧದವು. ಪ್ರಿಲ್ಯೂಡ್ ಕಾರಿನಲ್ಲಿ ಅವುಗಳಿಗೆ ರೋಧ-ಪೆಟ್ಟಿಗೆಯ ಆಶ್ರಯವಿತ್ತು. ಎಂಜಿನ್ ಮಾತ್ರ ಬಂದು ಪೆಟ್ಟಿಗೆ ಹಳೆಯ ಕಾರಿನಲ್ಲಿಯೇ ಉಳಿದರೆ ನಿಯಂತ್ರಕಕ್ಕೆ ಗಂಡಾಂತರ ತಪ್ಪಿದ್ದಲ್ಲ.

ಸಿವಿಕ್‌ನಲ್ಲಿ ಮುಖ್ಯ ರಿಲೇಯಿಂದ ಬರುವ ಹಳದಿ-ಕಪ್ಪು ತಂತಿಯೊಂದು ನಾಲ್ಕಾಗಿ ಕವಲೊಡೆದು ಇಂಜೆಕ್ಟರುಗಳನ್ನು ಸೇರುತ್ತದೆ. ಈಗ ಆ ತಂತಿಯನ್ನು ಪೆಟ್ಟಿಗೆಯ ಸಾಮಾನ್ಯ ತುದಿಗೆ ಕೊಟ್ಟು, ಪೆಟ್ಟಿಗೆಯಿಂದ ಹೊರಡುವ ನಾಲ್ಕು ತಂತಿಗಳನ್ನು ಒಂದೊಂದಾಗಿ ನಾಲ್ಕು ಇಂಜೆಕ್ಟರುಗಳಿಗೆ ಒಯ್ಯಬೇಕು. ಹಳೆಯ ಕವಲು ಎಲ್ಲಿಯೂ ಉಳಿಯಬಾರದು.

ನಾಲ್ಕಕ್ಕೂ ಸೇರಿಸಿ ಒಂದೇ ರೋಧಕ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ವೇಗ ಹೆಚ್ಚಿದಾಗ ಎರಡು ಇಂಜೆಕ್ಟರುಗಳು ಏಕಕಾಲದಲ್ಲಿ ತೆರೆದಿರುತ್ತವೆ. 2 ಓಮಿನ ಎರಡು ಸುರುಳಿಗಳು ಸಮಾಂತರವಾಗಿ ಸೇರಿ 1 ಓಮ್ ಆಗುತ್ತದೆ. ರೋಧಕದೊಡನೆ ಒಟ್ಟು 7 ಓಮ್. ಪ್ರವಾಹ 2 ಆಂಪಿಯರ್. ಪ್ರತಿಯೊಂದು ಸುರುಳಿಯ ಪಾಲಿಗೆ 1.75ರ ಬದಲು 1 ಆಂಪಿಯರ್ ಮಾತ್ರ ದೊರೆಯುತ್ತದೆ. ಕವಾಟ ತಡವಾಗಿ ತೆರೆದು, ಹೆಚ್ಚು ಪೆಟ್ರೋಲ್ ಬೇಕಾದ ವೇಳೆಯಲ್ಲಿಯೇ ಕಡಿಮೆ ದೊರೆಯುತ್ತದೆ. ಹೆಚ್ಚು ರೋಧದ ಇಂಜೆಕ್ಟರುಗಳಿರುವಾಗ ಪೆಟ್ಟಿಗೆಯನ್ನು ವೃಥಾ ಉಳಿಸಿಕೊಂಡರೂ ಇಂತಹುದೇ ದೋಷ ತಲೆದೋರುತ್ತದೆ.

ಓಡುವುದೇ ಪ್ರಮಾಣವಲ್ಲ

ಈ ಎಂಜಿನ್ನುಗಳಲ್ಲಿ ಸಿಲಿಂಡರುಗಳು ಉರಿಯುವ ಅನುಕ್ರಮ 1-3-4-2. ನಿಯಂತ್ರಕವು ಇಂಜೆಕ್ಟರುಗಳನ್ನೂ ಇದೇ ಅನುಕ್ರಮದಲ್ಲಿ ತೆರೆಯುತ್ತದೆ. ಎರಡನೆಯ ಹಾಗೂ ಮೂರನೆಯ ಇಂಜೆಕ್ಟರುಗಳ ತಂತಿಗಳು ಅದಲುಬದಲಾದರೆ ಎಂಜಿನ್ ಓಡುವುದಿಲ್ಲವೆಂದು ಯಾರಾದರೂ ಊಹಿಸಬಹುದು. ವಸ್ತುಸ್ಥಿತಿ ಹಾಗಿಲ್ಲ. ಅಕಾಲದಲ್ಲಿ ಸಿಂಪಡಿಸಿದ ಪೆಟ್ರೋಲ್ ಮುಚ್ಚಿದ ಕವಾಟದ ಹಿಂದೆ ಕಾದಿದ್ದು, ಕವಾಟ ತೆರೆದಾಗ ಒಳಗೆ ಸೇರುತ್ತದೆ. ಎಂಜಿನ್ ಓಡುತ್ತದೆ, ಆದರೆ ನಿಧಾನಗತಿಯಲ್ಲಿ ಸ್ವಲ್ಪ ಒರಟಾಗಿ ಓಡಬಹುದು, ಹೊಗೆಯ ಶುದ್ಧಿ ಕೆಡಬಹುದು. ದೋಷ ಒಳಗೇ ಅಡಗಿ ಕುಳಿತಿರುತ್ತದೆ. ಅಂತೆಯೇ, ಒಂದೇ ಆಕಾರದ ಕನೆಕ್ಟರುಗಳನ್ನುಳ್ಳ ಇಂಜೆಕ್ಟರುಗಳ ಸುರುಳಿಗಳು ಬೇರೆಬೇರೆ ಆಗಿರಬಹುದು. ಕನೆಕ್ಟರ್ ಕೂಡಿತೆಂಬುದಾಗಲಿ, ಎಂಜಿನ್ ಓಡಿತೆಂಬುದಾಗಲಿ ಜೋಡಣೆ ಸರಿಯಾಗಿದೆ ಎಂಬುದಕ್ಕೆ ಪ್ರಮಾಣವಲ್ಲ, ಅಳತೆಯೊಂದೇ ಪ್ರಮಾಣ.

ಕೆಲಸದ ಕ್ರಮ

1. ಮೊದಲು ಇಂಧನದ ಒತ್ತಡವನ್ನು ಇಳಿಸಿ, ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಗಾಳಿಯಾಡುವ ಸ್ಥಳವಿರಬೇಕು; ಬೆಂಕಿ ಆರಿಸುವ ಸಾಧನ ಕೈಗೆಟಕುವಂತಿರಬೇಕು.

2. ಕನೆಕ್ಟರನ್ನು ಬಿಡಿಸಿ, ಮಲ್ಟಿಮೀಟರಿನಿಂದ ಪ್ರತಿ ಇಂಜೆಕ್ಟರಿನ ರೋಧವನ್ನೂ ಅಳೆದು ಬರೆದಿಡಬೇಕು. ನಾಲ್ಕೂ ಹೆಚ್ಚುಕಡಿಮೆ ಸಮನಾಗಿರಬೇಕು.

3. ಬಳಸಲಿರುವ ನಿಯಂತ್ರಕವು ಯಾವ ಬಗೆಯ ಸುರುಳಿಗೆ ನಿರ್ಮಿತವಾದುದೆಂದು ತಯಾರಕರ ಕೈಪಿಡಿಯಿಂದ ತಿಳಿದುಕೊಳ್ಳಬೇಕು. ಇಂಜೆಕ್ಟರ್, ನಿಯಂತ್ರಕ, ರೋಧ-ಪೆಟ್ಟಿಗೆ ಈ ಮೂರೂ ಪರಸ್ಪರ ಹೊಂದಿದರೆ ಮಾತ್ರ ಮುಂದುವರಿಯಬೇಕು.

4. ತಂತಿಯ ಬಣ್ಣವನ್ನಷ್ಟೇ ನಂಬಬಾರದು. ನಿಯಂತ್ರಕದ ಕನೆಕ್ಟರನ್ನೂ ಕಳಚಿ, ಪ್ರತಿ ಇಂಜೆಕ್ಟರಿನ ತಂತಿಯು ತನ್ನ ಪಿನ್ನಿಗೇ ತಲುಪಿದೆಯೆಂದು ಮೀಟರಿನಿಂದ ನೋಡಿ, ಸಿಲಿಂಡರಿನ ಸಂಖ್ಯೆಯ ಚೀಟಿ ಅಂಟಿಸಬೇಕು.

5. ಕೂಡುಗಳನ್ನು ತಿರುಚಿ ಟೇಪು ಸುತ್ತಿ ಬಿಡುವುದು ಸಲ್ಲದು. ಬೆಸುಗೆ ಹಾಕಿ ಅಥವಾ ಒತ್ತುಕೂಡುಗಳನ್ನು ಬಳಸಿ, ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಬೇಕು. ತಂತಿಗಳು ಹೊಗೆಕೊಳವೆಗೂ ತಿರುಗುವ ಭಾಗಗಳಿಗೂ ದೂರವಿರಲಿ.

6. ಇಂಜೆಕ್ಟರಿನ ಬದಲಿಗೆ ಕನೆಕ್ಟರಿಗೆ ಸಿಕ್ಕಿಸುವ, ನಾಯ್ಡ್ ಲೈಟ್ ಎಂಬ ಪುಟ್ಟ ಪರೀಕ್ಷಾದೀಪದಿಂದ ಪ್ರತಿ ತಂತಿಯನ್ನೂ ಪರೀಕ್ಷಿಸಬೇಕು. ಸ್ಟಾರ್ಟರ್ ತಿರುಗುವಾಗ ದೀಪ ಮಿನುಗಬೇಕು. ಕೀಲಿ ತಿರುಗಿಸಿದೊಡನೆ ಸ್ಥಿರವಾಗಿ ಉರಿದರೆ ಆ ತಂತಿ ಅರ್ತ್‌ಗೆ ತಗುಲಿದೆ ಎಂದರ್ಥ.

ಕಾನೂನಿನ ಎಲ್ಲೆ

ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಬದಲಿ ಎಂಜಿನ್ ವಾಹನಕ್ಕಿಂತ ಹಳೆಯದಾಗಿರಕೂಡದು. ಅದರ ಮಾಲಿನ್ಯ ನಿಯಂತ್ರಣದ ಸಾಧನಗಳೂ ಜೊತೆಗಿರಬೇಕು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸಿದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದುದರಿಂದ ಮೇಲಿನ ನಿದರ್ಶನವನ್ನು ನಮ್ಮ ರಸ್ತೆಗಳಲ್ಲಿ ಅನುಕರಿಸತಕ್ಕದ್ದಲ್ಲ. ಇಂಜೆಕ್ಟರುಗಳನ್ನೋ ಹಾಳಾದ ವೈರಿಂಗನ್ನೋ ಬದಲಾಯಿಸುವ ದಿನನಿತ್ಯದ ದುರಸ್ತಿಗೆ ಮಾತ್ರ ಇಲ್ಲಿ ಹೇಳಿದ ಅಳತೆಯ ಕ್ರಮವೆಲ್ಲ ಅನ್ವಯಿಸುತ್ತದೆ.

ಉಪಸಂಹಾರ

ಪೆಟ್ರೋಲಿನ ಅಂಶವಿಲ್ಲದಂತೆ ಶುಚಿಗೊಳಿಸಿದ ಎರಡು ಹಳೆಯ ಇಂಜೆಕ್ಟರುಗಳು, ಒಂದು ಮಲ್ಟಿಮೀಟರ್, ಕೆಲವು ರೋಧಕಗಳು—ಇಷ್ಟಿದ್ದರೆ ಶಾಲೆಯ ಪ್ರಯೋಗಾಲಯದಲ್ಲಿಯೇ ಈ ಪಾಠವನ್ನು ನಡೆಸಬಹುದು. ಎರಡು ಬಗೆಯ ಸುರುಳಿಗಳನ್ನು ವಿದ್ಯಾರ್ಥಿ ತಾನೇ ಅಳೆದು, ಪ್ರವಾಹವನ್ನು ಲೆಕ್ಕ ಹಾಕಿ, ಯಾವುದಕ್ಕೆ ರೋಧಕ ಬೇಕೆಂದು ತಾನೇ ನಿರ್ಣಯಿಸಲಿ. ಗ್ಯಾರೇಜುಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಕೆಟ್ಟ ಬಿಡಿಭಾಗಗಳನ್ನು ಗುಜರಿಗೆ ಹಾಕುವ ಬದಲು ತಾವು ಓದಿದ ಶಾಲೆಗೆ ಕೊಟ್ಟರೆ ಅದೂ ಒಂದು ದಾಸೋಹವೇ. ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನು ನಾವು ಸಮಾರಂಭಗಳಲ್ಲಿ ಮೇಲಿಂದ ಮೇಲೆ ಸ್ಮರಿಸುತ್ತೇವೆ. ಆ ಕಾಯಕವನ್ನು ಅರಿತು ಮಾಡುವಂತೆ ಮಕ್ಕಳ ಕೈಗಳನ್ನು ಸಿದ್ಧಗೊಳಿಸುವುದು ವಿಜ್ಞಾನ ಬೋಧಕರ ಪಾಲಿನ ಕಾಯಕ.