ತುಳಿದ ನೆಲದ ಮೇಲೆ ಬಲಿಪೀಠ



ಹಳೆ ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪವಿತ್ರ ಶರೀರದ ದರ್ಶನ ಪಡೆದವರು ನಿಮ್ಮಲ್ಲಿ ಅನೇಕರಿರಬಹುದು. ಅದೇ ಗೋವೆಯಿಂದ 1549ರ ಏಪ್ರಿಲ್ ತಿಂಗಳಲ್ಲಿ ಹಡಗು ಹತ್ತಿದ ಆ ಸಂತರು ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬದ ದಿನ, ಜಪಾನಿನ ಕಗೊಶಿಮದಲ್ಲಿ ಇಳಿದರು. ಗೋವೆಯಲ್ಲಿಯೇ ಜ್ಞಾನಸ್ನಾನ ಪಡೆದಿದ್ದ ಅಂಜಿರೋ ಎಂಬ ಜಪಾನೀಯ ಅವರ ಜೊತೆಗಿದ್ದ. ಹೀಗೆ ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ದೀಪವೊಂದು ಜಪಾನಿನ ಪಶ್ಚಿಮ ಕರಾವಳಿಯನ್ನು ಮುಟ್ಟಿತು.

ಆ ಕರಾವಳಿಯ ಮುಖ್ಯ ನಗರ ನಾಗಾಸಾಕಿ. ಮೂರು ಕಡೆ ಬೆಟ್ಟ, ನಡುವೆ ಉದ್ದನೆಯ ಬಂದರು, ಬೀದಿಯಲ್ಲಿ ಟ್ರಾಮ್ ಗಾಡಿ, ಬೆಟ್ಟದ ಇಳಿಜಾರಿನಲ್ಲಿ ಹಳೆಯ ಕಾಲದ ವಿದೇಶಿ ವ್ಯಾಪಾರಿಗಳ ಬಂಗಲೆಗಳು: ನೋಡಲು ಸೊಗಸಾದ ಊರು. ಇಂದು ನಿಮ್ಮನ್ನು ಈ ಊರಿಗೂ ಸುತ್ತಲಿನ ಹಳ್ಳಿ, ದ್ವೀಪಗಳಿಗೂ ಕರೆದೊಯ್ಯಬೇಕೆಂದಿದ್ದೇನೆ. ಹೊರಡುವ ಮುನ್ನ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಾಳೆಯಿಂದ ನಮ್ಮೂರಲ್ಲಿ ಗುರುಗಳಿಲ್ಲ, ದೇವಾಲಯವಿಲ್ಲ, ಬಲಿಪೂಜೆಯಿಲ್ಲ ಎಂದಾದರೆ, ನಮ್ಮ ಮನೆಯಲ್ಲಿ ವಿಶ್ವಾಸ ಎಷ್ಟು ಕಾಲ ಉಳಿದೀತು?

ನಿಶಿಝಾಕ ಗುಡ್ಡ

ನಾಗಾಸಾಕಿಯ ರೈಲು ನಿಲ್ದಾಣದಿಂದ ಐದು ನಿಮಿಷ ನಡೆದರೆ ನಿಶಿಝಾಕ ಗುಡ್ಡ. ಅಲ್ಲಿ ಕಂಚಿನ ಇಪ್ಪತ್ತಾರು ಮೂರ್ತಿಗಳು ಸಾಲಾಗಿ ನಿಂತಿವೆ. ಜಪಾನಿನ ಅಧಿಪತಿ ಹಿದೆಯೊಶಿಯ ಆಜ್ಞೆಯಂತೆ 1597ರ ಫೆಬ್ರವರಿ 5ರಂದು ಇಲ್ಲಿ ಶಿಲುಬೆಗೇರಿಸಲ್ಪಟ್ಟ ಇಪ್ಪತ್ತಾರು ರಕ್ತಸಾಕ್ಷಿಗಳ ಸ್ಮಾರಕವಿದು. ಅವರಲ್ಲಿ ಇಪ್ಪತ್ತು ಮಂದಿ ಜಪಾನೀಯರು. ಕ್ಯೋಟೊ ನಗರದಲ್ಲಿ ಅವರ ಎಡಗಿವಿಯ ತುದಿಯನ್ನು ಕತ್ತರಿಸಿ, ಚಳಿಗಾಲದಲ್ಲಿ ಸುಮಾರು ಒಂದು ತಿಂಗಳು ನಡೆಸಿಕೊಂಡು ಬಂದರು. ಅತಿ ಕಿರಿಯ ಲೂಯಿ ಇಬರಕಿಗೆ ಹನ್ನೆರಡು ವರ್ಷ. ಯೇಸುಸಭೆಯ ಪೌಲ್ ಮಿಕಿ ಶಿಲುಬೆಯ ಮೇಲಿಂದಲೇ ಜನರಿಗೆ ಉಪದೇಶ ಮಾಡಿ, ತನ್ನನ್ನು ಕೊಲ್ಲುವವರನ್ನು ಕ್ಷಮಿಸಿದರು.

ಆ ಸಾಲಿನಲ್ಲಿ ನಮ್ಮವರೊಬ್ಬರೂ ಇದ್ದಾರೆ. ಮುಂಬಯಿಯ ಬಳಿಯ ವಸಾಯಿಯಲ್ಲಿ, ಪೋರ್ಚುಗೀಸ್ ತಂದೆಗೂ ಭಾರತೀಯ ತಾಯಿಗೂ ಹುಟ್ಟಿದ ಗೊನ್ಸಾಲೊ ಗಾರ್ಸಿಯ ಅವರು. ಮೊದಲು ಜಪಾನಿನಲ್ಲಿ ವ್ಯಾಪಾರ ಮಾಡುತ್ತಿದ್ದ ಇವರು ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಹೋದರರಾದರು. ಜಪಾನೀ ಭಾಷೆ ಬಲ್ಲವರಾದ್ದರಿಂದ ದುಭಾಷಿಯಾಗಿ ಮತ್ತೆ ಅಲ್ಲಿಗೆ ಬಂದರು. 1862ರಲ್ಲಿ ಜಗದ್ಗುರು ಒಂಬತ್ತನೆಯ ಪಿಯುಸ್ ಈ ಇಪ್ಪತ್ತಾರು ಮಂದಿಗೂ ಸಂತ ಪದವಿ ನೀಡಿದರು.

ಈ ಗುಡ್ಡದ ಮೇಲೆ ನಿಂತವರಿಗೆ ಧೈರ್ಯ ಉಕ್ಕಿ ಬರುತ್ತದೆ. ಆದರೆ ನಾಗಾಸಾಕಿಯ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಶಿಲುಬೆಯೇರಲು ಧೈರ್ಯವಿಲ್ಲದವರ ಕಥೆ ಇಲ್ಲಿಂದಾಚೆಗೆ ಶುರುವಾಗುತ್ತದೆ.

ಮೀನುಗಾರರ ಹಳ್ಳಿ ಸಕಿತ್ಸು

1614ರಲ್ಲಿ ಕ್ರೈಸ್ತಧರ್ಮವನ್ನು ಜಪಾನಿನಾದ್ಯಂತ ನಿಷೇಧಿಸಲಾಯಿತು. 1637ರಲ್ಲಿ ತೆರಿಗೆಯ ಹೊರೆಯಿಂದಲೂ ಧರ್ಮಪೀಡನೆಯಿಂದಲೂ ಬಸವಳಿದ ಶಿಮಬರ ಮತ್ತು ಅಮಕುಸದ ರೈತರು ದಂಗೆಯೆದ್ದರು. ಮರುವರ್ಷ ಹರ ಕೋಟೆಯಲ್ಲಿ ಅವರನ್ನೆಲ್ಲ ಕೊಂದು ಹಾಕಲಾಯಿತು. ಜಪಾನಿನಲ್ಲಿ ಉಳಿದಿದ್ದ ಕೊನೆಯ ಗುರು ಮಾನ್ಸಿಯೊ ಕೊನಿಶಿ 1644ರಲ್ಲಿ ರಕ್ತಸಾಕ್ಷಿಯಾದರು. ಅಲ್ಲಿಂದ ಮುಂದೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಆ ನಾಡಿನ ವಿಶ್ವಾಸಿಗಳಿಗೆ ಒಂದು ಬಲಿಪೂಜೆಯಿಲ್ಲ, ಒಂದು ಪಾಪನಿವೇದನೆಯಿಲ್ಲ.

ಪ್ರತಿ ಮನೆಯವರೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕಿತ್ತು. ಅದೂ ಸಾಲದೆಂದು ನಾಗಾಸಾಕಿ ಪ್ರದೇಶದಲ್ಲಿ ಹೊಸವರ್ಷದ ಆರಂಭದಲ್ಲಿ 'ಫುಮಿ-ಎ' ಎಂಬ ಪರೀಕ್ಷೆ ನಡೆಯುತ್ತಿತ್ತು. ಯೇಸುಸ್ವಾಮಿಯ ಅಥವಾ ಮರಿಯಮ್ಮನವರ ರೂಪವಿರುವ ಲೋಹದ ಫಲಕವನ್ನು ನೆಲದ ಮೇಲಿಟ್ಟು, ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ಅದನ್ನು ತುಳಿಯಬೇಕು. ತುಳಿಯದವರನ್ನು ಹಿಡಿದು ಹಿಂಸಿಸುತ್ತಿದ್ದರು. ಆ ಕಾಲದ ಫಲಕಗಳು ಇಂದಿಗೂ ಉಳಿದಿವೆ. ಸಾವಿರಾರು ಪಾದಗಳು ತಾಗಿ ತಾಗಿ ಪ್ರಭುವಿನ ಮುಖ ನುಣ್ಣಗೆ ಸವೆದುಹೋಗಿದೆ.

ನಾಗಾಸಾಕಿಯ ದಕ್ಷಿಣಕ್ಕೆ, ಅಮಕುಸ ದ್ವೀಪದಲ್ಲಿ, ಸಕಿತ್ಸು ಎಂಬ ಮೀನುಗಾರರ ಹಳ್ಳಿಯಿದೆ. ಹಿನ್ನೀರಿನ ದಡದಲ್ಲಿ ದೋಣಿಗಳು, ಒತ್ತೊತ್ತಾದ ಮನೆಗಳು, ಅವುಗಳ ನಡುವೆ ಎತ್ತರದ ಗೋಪುರದ ಚರ್ಚು. ಇಲ್ಲಿನ ಬೆಸ್ತರು ವಿಗ್ರಹ ಇಟ್ಟುಕೊಳ್ಳಲಾರದೆ, ಸಮುದ್ರದ ಚಿಪ್ಪಿನ ಒಳಮೈಯ ಹೊಳೆಯುವ ಗೆರೆಗಳಲ್ಲಿ ಮಾತೆ ಮರಿಯಮ್ಮನವರನ್ನು ಕಂಡು ಪ್ರಾರ್ಥಿಸುತ್ತಿದ್ದರು. 1805ರಲ್ಲಿ ಈ ಸೀಮೆಯಲ್ಲಿ ಸುಮಾರು ಐದು ಸಾವಿರ ಗುಪ್ತ ಕ್ರೈಸ್ತರು ಸಿಕ್ಕಿಬಿದ್ದರು.

ಈಗಿರುವ ಚರ್ಚನ್ನು 1934ರಲ್ಲಿ ಕಟ್ಟಲಾಯಿತು. ಒಳಗೆ ಬೆಂಚುಗಳ ಬದಲು ಜಪಾನೀ ಮನೆಗಳಂತೆ ನೆಲಕ್ಕೆ ಚಾಪೆ ಹಾಸಿದೆ. ಆದರೆ ಗಮನಿಸಬೇಕಾದದ್ದು ಬಲಿಪೀಠವಿರುವ ಜಾಗ. ಹಿಂದೆ ಅಲ್ಲಿ ಊರಿನ ಮುಖ್ಯಸ್ಥನ ಮನೆಯಿತ್ತು. ಫಲಕವನ್ನಿಟ್ಟು ಜನರಿಂದ ತುಳಿಸುತ್ತಿದ್ದುದು ಅಲ್ಲಿಯೇ. ಅಜ್ಜಂದಿರು ತಲೆತಗ್ಗಿಸಿ ತುಳಿದ ನೆಲದ ಮೇಲೆ ಮೊಮ್ಮಕ್ಕಳು ಬಲಿಪೀಠವನ್ನು ಇಟ್ಟರು.

ಸೊತೊಮೆಯ ಮನೆಗಳು

ಹಾಗಾದರೆ ತುಳಿದವರೆಲ್ಲ ವಿಶ್ವಾಸ ಬಿಟ್ಟವರೇ? ಇದಕ್ಕೆ ಉತ್ತರ ಬೇಕಿದ್ದರೆ ನಾಗಾಸಾಕಿಯ ವಾಯವ್ಯಕ್ಕಿರುವ ಸೊತೊಮೆ ಸೀಮೆಗೆ ಬರಬೇಕು. ಕಡಿದಾದ ಬೆಟ್ಟ, ಕಲ್ಲು ಗೋಡೆ ಕಟ್ಟಿದ ಹೊಲ, ಕೆಳಗೆ ಸಮುದ್ರ. ಶುಸಾಕು ಎಂಡೊ ಅವರ ಪ್ರಸಿದ್ಧ ಕಾದಂಬರಿ 'ಮೌನ'ದ ಹಿನ್ನೆಲೆ ಈ ಸೀಮೆಯೇ. ಆ ಲೇಖಕರ ಹೆಸರಿನ ವಸ್ತುಸಂಗ್ರಹಾಲಯವೂ ಇಲ್ಲಿದೆ.

ಇಲ್ಲಿ ಗುಪ್ತ ಕ್ರೈಸ್ತರು ತಮ್ಮತಮ್ಮಲ್ಲೇ ಕೆಲಸ ಹಂಚಿಕೊಂಡಿದ್ದರು. ಒಬ್ಬ ಹಬ್ಬಹರಿದಿನಗಳ ಪಂಚಾಂಗವನ್ನು ಕಾಪಾಡಿ, ಕ್ರಿಸ್ತಜಯಂತಿ ಯಾವಾಗ, ತಪಸ್ಸುಕಾಲ ಯಾವಾಗ ಎಂದು ಗುಟ್ಟಾಗಿ ತಿಳಿಸುತ್ತಿದ್ದ. ಇನ್ನೊಬ್ಬ ಹುಟ್ಟಿದ ಕೂಸುಗಳಿಗೆ ಜ್ಞಾನಸ್ನಾನ ಕೊಡುತ್ತಿದ್ದ. ಮತ್ತೊಬ್ಬ ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದ. ಮಗುವನ್ನೆತ್ತಿಕೊಂಡ ಬೌದ್ಧರ ಕನ್ನೊನ್ ದೇವಿಯ ಮೂರ್ತಿಯನ್ನು ಮನೆಯಲ್ಲಿಟ್ಟು ಅದರಲ್ಲಿ ದೇವಮಾತೆಯನ್ನು ಕಾಣುತ್ತಿದ್ದರು. 'ಒರಾಶೊ' ಎಂದು ಅವರು ಕರೆಯುತ್ತಿದ್ದ ಜಪಗಳಲ್ಲಿ ಲತೀನ್ ಮಾತುಗಳಿದ್ದವು. ಅರ್ಥ ಮರೆತುಹೋಗಿತ್ತು, ಉಚ್ಚಾರ ಸವೆದಿತ್ತು. ಆದರೂ ತಂದೆಯಿಂದ ಮಗನಿಗೆ ಬಾಯಿಪಾಠವಾಗಿ ಇಳಿದು ಬಂದವು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. 1603ರಲ್ಲಿ, ನಿಷೇಧಕ್ಕೆ ಮುಂಚೆಯೇ, ಪಶ್ಚಾತ್ತಾಪದ ಬಗ್ಗೆ ಒಂದು ಚಿಕ್ಕ ಪುಸ್ತಕ ಜಪಾನೀ ಭಾಷೆಯಲ್ಲಿ ಬಂದಿತ್ತು. ಗುರುಗಳು ಸಿಗದಿದ್ದಾಗ ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪಪಟ್ಟು, ಅವಕಾಶ ಸಿಕ್ಕೊಡನೆ ಪಾಪನಿವೇದನೆ ಮಾಡುವೆನೆಂದು ನಿಶ್ಚಯಿಸಿದರೆ, ದೇವರು ಪಾಪವನ್ನು ಕ್ಷಮಿಸುತ್ತಾರೆ ಎಂಬುದು ಧರ್ಮಸಭೆಯ ಬೋಧನೆ. ಈ ಪುಸ್ತಕವನ್ನು ಜನ ಕೈಯಿಂದ ನಕಲು ಮಾಡಿ, ಬಚ್ಚಿಟ್ಟು, ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿದರು. ಫಲಕವನ್ನು ತುಳಿದು ಮನೆಗೆ ಬಂದವರು ಬಾಗಿಲು ಮುಚ್ಚಿಕೊಂಡು ಈ ಪಶ್ಚಾತ್ತಾಪದ ಜಪವನ್ನು ಹೇಳುತ್ತಿದ್ದರು.

ಪ್ರಿಯರೇ, ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ. ಪ್ರಭುವನ್ನು ಅಲ್ಲಗಳೆಯುವುದು ಸರಿಯೆಂದು ಧರ್ಮಸಭೆ ಎಂದೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಮೂರು ಸಲ ಅಲ್ಲಗಳೆದ ಪೇತ್ರನು ಕೋಳಿ ಕೂಗಿದಾಗ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತದ್ದನ್ನೂ, ಪ್ರಭು ಅವನಿಗೇ ತಮ್ಮ ಕುರಿಮಂದೆಯನ್ನು ಒಪ್ಪಿಸಿದ್ದನ್ನೂ ಶುಭಸಂದೇಶ ಹೇಳುತ್ತದೆ. ಸೊತೊಮೆಯ ಬಡ ರೈತನಿಗೆ ಕೋಳಿ ವರ್ಷವರ್ಷವೂ ಕೂಗಿತು. ಅವನು ವರ್ಷವರ್ಷವೂ ಅತ್ತ. ಆ ಕಣ್ಣೀರೇ ಅವನ ಮನೆಯಲ್ಲಿ ವಿಶ್ವಾಸವನ್ನು ಒಣಗದಂತೆ ಕಾಯಿತು.

ಗೊತೊ ದ್ವೀಪಗಳು

1797ರಿಂದ ಸೊತೊಮೆಯ ಅನೇಕ ಕುಟುಂಬಗಳು ಸಮುದ್ರ ದಾಟಿ ಗೊತೊ ದ್ವೀಪಗಳಿಗೆ ಹೋದವು. ಅಲ್ಲಿ ಅವರಿಗೆ ಸಿಕ್ಕಿದ್ದು ಬೇರೆಯವರಿಗೆ ಬೇಡವಾದ ಕಲ್ಲುಭೂಮಿ. ಈ ದ್ವೀಪಗಳಿಗೆ ಈಗ ನಾಗಾಸಾಕಿಯಿಂದ ಹಡಗಿನಲ್ಲಿ ಹೋಗಬಹುದು. ನೀಲಿ ಸಮುದ್ರ, ಕೊಲ್ಲಿಗೊಂದರಂತೆ ಚಿಕ್ಕ ಚರ್ಚು.

ಹಿಸಕ ದ್ವೀಪದಲ್ಲಿ 1868ರಲ್ಲಿ ಸುಮಾರು ಇನ್ನೂರು ವಿಶ್ವಾಸಿಗಳನ್ನು ಇಪ್ಪತ್ತು ಚದರ ಮೀಟರಿನ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದರು. ನಮ್ಮ ಮನೆಯ ಒಂದು ಹಾಲ್‌ನಷ್ಟು ಜಾಗ. ಎಂಟು ತಿಂಗಳ ಆ ಸೆರೆ ನಲವತ್ತೆರಡು ಮಂದಿಯನ್ನು ಬಲಿ ತೆಗೆದುಕೊಂಡಿತು, ಮಕ್ಕಳೂ ಸತ್ತರು. ಇಂದು ಅಲ್ಲೊಂದು ಸ್ಮಾರಕ ದೇವಾಲಯವಿದೆ.

ನೊಝಾಕಿ ದ್ವೀಪದಲ್ಲಿ ಹದಿನೇಳು ಕುಟುಂಬಗಳು ದಿನಕ್ಕೆ ಎರಡೇ ಹೊತ್ತು ಉಂಡು ಹಣ ಕೂಡಿಟ್ಟು, 1908ರಲ್ಲಿ ಇಟ್ಟಿಗೆಯ ಚರ್ಚೊಂದನ್ನು ಕಟ್ಟಿಸಿದವು. ಕಟ್ಟಿದ ಮೇಸ್ತ್ರಿ ಯೊಸುಕೆ ತೆತ್ಸುಕವ ಕೊನೆಯವರೆಗೂ ಬೌದ್ಧರಾಗಿಯೇ ಇದ್ದರು. ಈ ಸೀಮೆಯ ಎಷ್ಟೋ ಚರ್ಚುಗಳು ಅವರ ಕೈಯವು. 1971ರಲ್ಲಿ ಕೊನೆಯ ಕ್ರೈಸ್ತ ಕುಟುಂಬಗಳೂ ದ್ವೀಪ ಬಿಟ್ಟು ಹೋದವು. ಈಗ ಅಲ್ಲಿ ಕಾಡುಜಿಂಕೆಗಳು ಮೇಯುತ್ತವೆ, ಚರ್ಚು ಒಂಟಿಯಾಗಿ ನಿಂತಿದೆ. 2018ರಲ್ಲಿ ಯುನೆಸ್ಕೊ ಸಂಸ್ಥೆ ಈ ಪ್ರದೇಶದ ಹನ್ನೆರಡು ಸ್ಥಳಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗಳು ಬರುತ್ತಾರೆ. ಆದರೆ ಜಪಸರ ಹಿಡಿದು ಕೂರುವವರು ಇಲ್ಲದ ಚರ್ಚು ಎಷ್ಟು ಚೆಂದವಿದ್ದರೂ ನೋಡುವವರ ಎದೆಯನ್ನು ಹಿಂಡುತ್ತದೆ.

ಓವುರಾ ದೇವಾಲಯದ ಬಾಗಿಲಲ್ಲಿ

ಮತ್ತೆ ನಾಗಾಸಾಕಿಗೆ ಬರೋಣ. ಬಂದರಿನ ಮೇಲಿನ ದಿಣ್ಣೆಯಲ್ಲಿ ಬಿಳಿಯ ಓವುರಾ ದೇವಾಲಯವಿದೆ. ಜಪಾನು ವಿದೇಶಿಯರಿಗೆ ಬಾಗಿಲು ತೆರೆದ ಮೇಲೆ ಫ್ರೆಂಚ್ ಗುರುಗಳು ವಿದೇಶಿಯರಿಗಾಗಿ ಕಟ್ಟಿ, 1865ರ ಫೆಬ್ರವರಿಯಲ್ಲಿ ಪ್ರತಿಷ್ಠೆ ಮಾಡಿದ ಇದು ಆ ಇಪ್ಪತ್ತಾರು ರಕ್ತಸಾಕ್ಷಿಗಳಿಗೆ ಅರ್ಪಿತವಾಗಿದೆ. ಅದರ ಮುಖ ನಿಶಿಝಾಕ ಗುಡ್ಡದ ಕಡೆಗಿದೆ.

ಅದೇ ವರ್ಷ ಮಾರ್ಚ್ 17ರ ಮಧ್ಯಾಹ್ನ ಉರಕಾಮಿ ಹಳ್ಳಿಯ ಸುಮಾರು ಹದಿನೈದು ಮಂದಿ ಅಳುಕುತ್ತಲೇ ಬಂದು ಬಾಗಿಲಲ್ಲಿ ನಿಂತರು. ಫಾದರ್ ಬರ್ನಾರ್ಡ್ ಪೆತಿಜ್ಯಾಂ ಅವರನ್ನು ಒಳಗೆ ಕರೆದು ತಾವು ಪ್ರಾರ್ಥನೆಗೆ ಮೊಣಕಾಲೂರಿದರು. ಆಗ ಹೆಂಗಸೊಬ್ಬಳು ಹತ್ತಿರ ಬಂದು, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಮೆಲ್ಲಗೆ ಹೇಳಿ, ಸಾಂತಾ ಮರಿಯ ಎಲ್ಲಿದ್ದಾಳೆಂದು ಕೇಳಿದಳು. ಅಂದು ಅವರು ಕಂಡ ಬಾಲಯೇಸುವನ್ನೆತ್ತಿದ ಮಾತೆಯ ಪ್ರತಿಮೆ ಇಂದಿಗೂ ಆ ದೇವಾಲಯದಲ್ಲಿದೆ.

ಇಲ್ಲಿಯ ಮರ್ಮವನ್ನು ಗಮನಿಸಿದಿರಾ? ದೇವಾಲಯ ಕಟ್ಟಿದ್ದು ತುಳಿಯದೆ ಸತ್ತವರ ಹೆಸರಿನಲ್ಲಿ. ಅದರ ಬಾಗಿಲು ತಟ್ಟಿದ್ದು ತುಳಿದು ಬದುಕಿದವರ ಮಕ್ಕಳು. ರಕ್ತಸಾಕ್ಷಿಗಳಿಲ್ಲದಿದ್ದರೆ ಏನನ್ನು ನಂಬಬೇಕೆಂಬುದೇ ಮರೆತುಹೋಗುತ್ತಿತ್ತು. ಅತ್ತು ಬದುಕಿದವರಿಲ್ಲದಿದ್ದರೆ ನಂಬಲು ಯಾರೂ ಉಳಿಯುತ್ತಿರಲಿಲ್ಲ. ಒಂದೇ ಧರ್ಮಸಭೆಯಲ್ಲಿ ಇಬ್ಬರಿಗೂ ಜಾಗವಿದೆ.

ಉರಕಾಮಿಯ ಗಂಟೆ

ನಿಷೇಧ ಇನ್ನೂ ತೆಗೆದಿರಲಿಲ್ಲ. ತಾವು ಕ್ರೈಸ್ತರೆಂದು ಬಹಿರಂಗವಾಗಿ ಹೇಳಿಕೊಂಡ ಉರಕಾಮಿಯ ಸುಮಾರು 3,400 ಮಂದಿಯನ್ನು ಹಳ್ಳಿ ಬಿಡಿಸಿ ದೂರದೂರಿಗೆ ಗಡೀಪಾರು ಮಾಡಿದರು. ಆರುನೂರಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. 1873ರಲ್ಲಿ ನಿಷೇಧದ ಫಲಕಗಳು ಕೆಳಗಿಳಿದ ಮೇಲೆ ಹಿಂದಿರುಗಿದವರು, ಬಡತನದಲ್ಲೂ ಹಣ ಕೂಡಿಸಿ, ತಮ್ಮಿಂದ ಫಲಕ ತುಳಿಸುತ್ತಿದ್ದ ಮುಖ್ಯಸ್ಥನ ಮನೆಯ ಜಾಗವನ್ನೇ ಕೊಂಡುಕೊಂಡರು. ದೇವಾಲಯ ಎದ್ದದ್ದು ಅಲ್ಲಿ. ಸಕಿತ್ಸುವಿನಲ್ಲಿ ನಡೆದದ್ದೇ ಇಲ್ಲಿಯೂ ನಡೆದಿತ್ತು.

1945ರ ಆಗಸ್ಟ್ 9ರಂದು ಅಣುಬಾಂಬು ಆ ದೇವಾಲಯದಿಂದ ಸುಮಾರು ಐನೂರು ಮೀಟರ್ ದೂರದಲ್ಲಿ ಸಿಡಿಯಿತು. ಅಲ್ಲಿನ 12,000 ವಿಶ್ವಾಸಿಗಳಲ್ಲಿ ಸುಮಾರು 8,500 ಮಂದಿ ಮಡಿದರು. ಬೂದಿಯ ರಾಶಿಯಿಂದ ಒಂದು ಗಂಟೆಯನ್ನು ಎತ್ತಿ ಅದೇ ವರ್ಷ ಕ್ರಿಸ್ತಜಯಂತಿಗೆ ಬಾರಿಸಿದರು. ನಾಶವಾದ ಇನ್ನೊಂದು ಗಂಟೆಯ ಜಾಗಕ್ಕೆ ಅಮೆರಿಕದ ಕಥೋಲಿಕರು ಹೊಸ ಗಂಟೆಯನ್ನು ಕೊಟ್ಟರು. 2025ರ ಆಗಸ್ಟ್ 9ರಂದು, ಬಾಂಬು ಬಿದ್ದ 11 ಗಂಟೆ 2 ನಿಮಿಷಕ್ಕೆ, ಎರಡೂ ಗಂಟೆಗಳು ಒಟ್ಟಿಗೆ ಮೊಳಗಿದವು.

ನಮ್ಮ ಮನೆಗೆ ಹಿಂದಿರುಗೋಣ

ಎರಡನೆಯ ವಾಟಿಕನ್ ಮಹಾಸಭೆ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಸೊತೊಮೆಯ ರೈತರು ಆ ಪದವನ್ನು ಕೇಳದೆಯೇ ಹಾಗೆ ಬಾಳಿದ್ದರು. ಧರ್ಮಕೇಂದ್ರದ ಗುರುವಾದ ನನಗೆ ಇದನ್ನು ಓದುವಾಗೆಲ್ಲ ತುಸು ನಾಚಿಕೆಯೂ ತುಂಬ ಸಮಾಧಾನವೂ ಆಗುತ್ತದೆ. ಗುರುಗಳಿಲ್ಲದೆಯೂ ದೇವರು ತಮ್ಮ ಜನರನ್ನು ಕಾಯಬಲ್ಲರು. ಆದರೆ ಅದಕ್ಕೆ ಅವರು ಆರಿಸಿಕೊಂಡದ್ದು ತಾಯಿತಂದೆಯರ ಬಾಯನ್ನು.

ಇಂದು ನಮ್ಮ ಮುಂದೆ ಯಾರೂ ಫಲಕ ಇಡುವುದಿಲ್ಲ. ಆದರೂ ನಾವು ತುಳಿಯುತ್ತೇವೆ: ಒಂದು ಸುಳ್ಳಿನಲ್ಲಿ, ಒಂದು ಲಂಚದಲ್ಲಿ, ನಾಲ್ಕು ಜನರ ಮುಂದೆ ನಾಚಿ ಸುಮ್ಮನಿದ್ದುದರಲ್ಲಿ. ತುಳಿದ ಮೇಲೆ ಮನೆಗೆ ಬಂದು ಏನು ಮಾಡುತ್ತೇವೆ? ಪಾಪನಿವೇದನೆಯ ಪೀಠ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿದೆ. ಅದಕ್ಕಾಗಿ ಅವರು ಏಳು ತಲೆಮಾರು ಕಾದರು.

ಈ ವಾರ ಮನೆಮಂದಿ ಒಟ್ಟಿಗೆ ಕುಳಿತು ಇದನ್ನು ಮಾತಾಡಿಕೊಳ್ಳಿ:

1. ನಮ್ಮ ಮಕ್ಕಳಿಗೆ ಬಾಯಿಪಾಠವಾಗಿರುವ ಜಪಗಳು ಯಾವುವು? ಅವನ್ನು ಕಲಿಸಿದವರು ಯಾರು?

2. ಪಶ್ಚಾತ್ತಾಪದ ಜಪವನ್ನು ನಾವು ರಾತ್ರಿ ಮಲಗುವ ಮುನ್ನ ಒಟ್ಟಾಗಿ ಹೇಳಬಹುದೇ?

3. ವಿಶ್ವಾಸದಲ್ಲಿ ಎಡವಿದ ನಮ್ಮ ನೆಂಟರಿಷ್ಟರ ಬಗ್ಗೆ ನಾವು ಹೇಗೆ ಮಾತಾಡುತ್ತೇವೆ? ಅವರು ಹಿಂದಿರುಗಿ ಬಂದರೆ ಬಾಗಿಲು ತೆರೆದಿದೆಯೇ?

ತುಳಿದ ನೆಲದ ಮೇಲೆಯೇ ಬಲಿಪೀಠ ಕಟ್ಟಿಸಿಕೊಂಡ ಪ್ರಭು ನಿಮ್ಮ ಮನೆಯನ್ನೂ ಹರಸಲಿ.