ಜೋಮು ಹಿಡಿದ ಕಾಲು, ದಿನಕ್ಕೊಂದು ಮಿಲಿಮೀಟರ್



ನೆಲದ ಮೇಲೆ ಬಹಳ ಹೊತ್ತು ಕುಳಿತು ಎದ್ದಾಗ ಕಾಲು ಜೋಮು ಹಿಡಿಯುವುದು ನಿಮಗೆಲ್ಲ ಗೊತ್ತು. ಪಾದ ನಮ್ಮದೇ ಅಲ್ಲವೇನೋ ಅನಿಸುತ್ತದೆ. ಆಮೇಲೆ ಇರುವೆ ಹರಿದಾಡಿದಂತಾಗಿ ಸರಿಹೋಗುತ್ತದೆ. ಸರಿಹೋಗದಿದ್ದರೆ?

ಒಂದು ವರ್ಷ ಮಾರ್ಚ್ ತಿಂಗಳಲ್ಲಿ ಬ್ಯಾಡಗಿ ತಾಲ್ಲೂಕಿನ ಒಂದು ಶಾಲೆಗೆ ನರಮಂಡಲದ ಪಾಠ ಮಾಡಲು ಹೋಗಿದ್ದೆ. ಪಾಠ ಮುಗಿದ ಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದಳು. “ಸರ್, ನಮ್ಮವ್ವಗ ಲಕ್ವಾ ಹೊಡದೈತಿ ಅಂತಾರ್ರೀ. ಬಲಗಾಲ ಪಾದ ಎತ್ತಾಕ ಬರವಲ್ದು” ಎಂದಳು. ಮುಖ ಸೊಟ್ಟಗಾಗಿದೆಯೇ, ಮಾತು ತೊದಲುತ್ತದೆಯೇ, ಕೈಗೆ ಬಲ ಇದೆಯೇ ಎಂದು ಕೇಳಿದೆ. “ಎಲ್ಲಾ ಬರೋಬ್ಬರಿ ಐತ್ರೀ.” ಅವ್ವ ಏನು ಕೆಲಸ ಮಾಡುತ್ತಾಳೆ? “ಮೆಣಸಿನಕಾಯಿ ತುಂಬು ಬಿಡಿಸಾಕ ಹೋಗ್ತಾಳ್ರೀ.”

ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ದೇಶವಿದೇಶಗಳಲ್ಲಿ ಬೇಡಿಕೆಯಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಆದರೆ ಒಂದೊಂದು ಕಾಯಿಯ ತುಂಬನ್ನು, ಅಂದರೆ ತೊಟ್ಟನ್ನು, ಬಿಡಿಸುವುದು ಹೆಂಗಸರ ಕೈ. ಬಿಡಿಸಿದ ತೂಕಕ್ಕೆ ಕೂಲಿ. ಆದ್ದರಿಂದ ಕುಕ್ಕರಗಾಲಿನಲ್ಲಿ ಕುಳಿತವರು ಬೇಗ ಏಳುವುದಿಲ್ಲ.

ಈಗ ನಿಮ್ಮ ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಿಟ್ಟು ನೋಡಿ. ಗುಂಡಗಿನ ಸಣ್ಣ ಮೂಳೆ ಸಿಗುತ್ತದೆ. ಅದು ಫಿಬುಲಾ ಮೂಳೆಯ ತಲೆ. ಅದರ ಸ್ವಲ್ಪ ಕೆಳಗೆ ಮೂಳೆಯನ್ನು ಸುತ್ತಿಕೊಂಡು ಪೆರೋನಿಯಲ್ ನರ ಹಾದುಹೋಗುತ್ತದೆ. ಅಲ್ಲಿ ಅದಕ್ಕೆ ಮಾಂಸದ ಹೊದಿಕೆ ಇಲ್ಲ, ಚರ್ಮ ಮಾತ್ರ. ಮೊಣಕೈ ಗೋಡೆಗೆ ತಗುಲಿ ಕರೆಂಟ್ ಹೊಡೆದಂತಾಗುವುದೂ ಅಂಥದೇ ಇನ್ನೊಂದು ನರದಿಂದ. ಕುಕ್ಕರಗಾಲಿನಲ್ಲಿ ಕುಳಿತಾಗ ಪೆರೋನಿಯಲ್ ನರ ಎಳೆತಕ್ಕೂ ಒತ್ತಡಕ್ಕೂ ಸಿಗುತ್ತದೆ. ಅದರ ರಕ್ತಪೂರೈಕೆ ಕಡಿಮೆಯಾಗಿ ಸಂದೇಶ ಮುಂದೆ ಸಾಗುವುದಿಲ್ಲ. ಅದೇ ಜೋಮು. ದಿನವೂ ಗಂಟೆಗಟ್ಟಲೆ ಹೀಗಾದರೆ ನರಕ್ಕೆ ಪೆಟ್ಟಾಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಆಜ್ಞೆ ತಲುಪದೆ ಪಾದ ಜೋಲುತ್ತದೆ, ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತದೆ. ಸ್ಟ್ರಾಬೆರಿ ಹಣ್ಣು ಕೀಳುವ ಕೂಲಿಕಾರರಲ್ಲಿ ಇದನ್ನು ಕಂಡ ವಿದೇಶದ ವೈದ್ಯರು ಈ ತೊಂದರೆಗೆ ಆ ಹಣ್ಣಿನ ಹೆಸರನ್ನೇ ಇಟ್ಟಿದ್ದಾರೆ. ನಮ್ಮಲ್ಲಿ ಹುಟ್ಟಿದ್ದರೆ ಮೆಣಸಿನಕಾಯಿಯ ಹೆಸರು ಬರುತ್ತಿತ್ತೋ ಏನೋ!

ಲಕ್ವಾ ಬೇರೆ. ಅದು ಮಿದುಳಿನ ರಕ್ತನಾಳದ ತೊಂದರೆ. ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಹಠಾತ್ತನೆ ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿಸಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾದ ಮಾತ್ರ ಜೋತರೂ ವೈದ್ಯರಿಗೆ ತೋರಿಸಲೇಬೇಕು. ಸೊಂಟದಲ್ಲಿ ನರ ಒತ್ತಿದರೂ ಹೀಗಾಗಬಹುದು. ಕುಷ್ಠರೋಗದಲ್ಲಿಯೂ ಇದೇ ನರ, ಇದೇ ಜಾಗದಲ್ಲಿ ದಪ್ಪಗಾಗುತ್ತದೆ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದ್ದರೆ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ, ಕಾಯಿಲೆ ಗುಣವಾಗುತ್ತದೆ.

ಹುಡುಗಿಯ ತಾಯಿಯನ್ನು ಹಾವೇರಿಯಲ್ಲಿ ವೈದ್ಯರು ಪರೀಕ್ಷಿಸಿ, ಒತ್ತಡದಿಂದ ನರ ಘಾಸಿಗೊಂಡಿದೆ ಎಂದರು. ಕುಕ್ಕರಗಾಲಿನಲ್ಲಿ ಕೂರುವುದನ್ನು ನಿಲ್ಲಿಸಿ, ಫಿಸಿಯೋಥೆರಪಿ ಮಾಡಿಸಲು ಹೇಳಿದರು. ಮನೆಯಲ್ಲಿ ಅಸಮಾಧಾನ. ಮಾತ್ರೆಯಿಲ್ಲ, ಇಂಜೆಕ್ಷನ್ ಇಲ್ಲ, ಬರೀ ಕಾಲು ಎಳೆಯುವುದೆಂಥ ಚಿಕಿತ್ಸೆ?

ಇಲ್ಲೊಂದು ಲೆಕ್ಕವಿದೆ. ನರದ ಹೊದಿಕೆಗಷ್ಟೇ ಪೆಟ್ಟಾಗಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಒಳಗಿನ ತಂತುವೇ ಹಾಳಾಗಿದ್ದರೆ ಅದು ಮತ್ತೆ ಬೆಳೆಯಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ. ಪೆಟ್ಟಾದ ಜಾಗದಿಂದ ಸ್ನಾಯುವಿಗೆ 9 ಸೆಂಟಿಮೀಟರ್ ದೂರವಿದ್ದರೆ ಎಷ್ಟು ದಿನ? ನೀವೇ ಲೆಕ್ಕ ಹಾಕಿ. ಈ ವೇಗವನ್ನು ವ್ಯಾಯಾಮ ಹೆಚ್ಚು ಬದಲಿಸಲಾರದು. ಆದರೆ ಮೂರು ತಿಂಗಳು ಪಾದ ಜೋಲುತ್ತಲೇ ಇದ್ದರೆ ಮೀನಖಂಡ ಬಿಗಿದುಕೊಂಡು ಹರಡಿನ ಕೀಲು ಗಡುಸಾಗುತ್ತದೆ. ನರ ಬಂದು ತಲುಪಿದಾಗ ಸ್ನಾಯು ಎಳೆದರೂ ಪಾದ ಏಳುವುದಿಲ್ಲ. ಕಾಲುವೆಗೆ ನೀರು ಬರುವಷ್ಟರಲ್ಲಿ ಹೊಲ ಬೀಳುಬಿದ್ದಂತೆ. ಅದಕ್ಕೇ ಕಾಲು ಚಾಚಿ ಕುಳಿತು, ಪಾದದ ಮುಂಭಾಗಕ್ಕೆ ಟವೆಲ್ ಸುತ್ತಿ, ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು 30 ಎಣಿಸುವುದು. ಪಾದ ಜೋಲದಂತೆ ಚಪ್ಪಲಿಗೆ ಆಧಾರಪಟ್ಟಿ ಕಟ್ಟುವುದು. ಎಣಿಸುವ ಕೆಲಸವನ್ನು ಮಗಳು ವಹಿಸಿಕೊಂಡಳು. ಬಿಸಿ ಎಣ್ಣೆ, ಇಟ್ಟಿಗೆ ಶಾಖ ಬೇಡವೆಂದು ನಾನೇ ಹೇಳಿದೆ. ಸ್ಪರ್ಶ ತಿಳಿಯದ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಕೀಲುನೋವಿಗೂ ಇದೇ ತರ್ಕ ಬಹಳಮಟ್ಟಿಗೆ ಸಲ್ಲುತ್ತದೆ. ಮಂಡಿ ಸವೆದು ನೋಯುವ ಅಜ್ಜಿ ಅಲುಗಾಡದೆ ಕುಳಿತರೆ ತೊಡೆಯ ಸ್ನಾಯು ಸೊರಗಿ, ಮಂಡಿಯ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಕುರ್ಚಿಯ ಮೇಲೆ ಕೂರಿಸಿ, ಕಾಲನ್ನು ನೇರ ಚಾಚಿ 10 ಎಣಿಸುವವರೆಗೆ ಹಿಡಿಯಲು ಹೇಳಿ. ರಾಣೇಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಬಗ್ಗಿ ಹೂವಿಗೆ ಪರಾಗ ಮುಟ್ಟಿಸುವವರಿಗೂ, ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವವರಿಗೂ ಆಗಾಗ ಎದ್ದು ಸೊಂಟ, ಮಣಿಕಟ್ಟು ಆಡಿಸುವುದು ಒಳ್ಳೆಯದು. ತುಂಬು ಬಿಡಿಸುವವರು ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಕೂಲಿ ಎಷ್ಟು ತಾನೇ ಕಡಿಮೆಯಾದೀತು?

ನೀವೀಗ ಹಿಮ್ಮಡಿಯ ಮೇಲೆ ನಿಂತು, ಬೆರಳುಗಳನ್ನು ಮೇಲೆತ್ತಿ ಹತ್ತು ಹೆಜ್ಜೆ ನಡೆದು ನೋಡಿ. ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಪಕ್ಕದಲ್ಲಿ ಬಿಗಿಯಾಗುವುದೇ ಪಾದ ಎತ್ತುವ ಸ್ನಾಯು. ಆ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅದೇ ಹುಡುಗಿ ಸಿಕ್ಕಳು. “ಅವ್ವ ಈಗ ಹಿಮ್ಮಡಿ ಮ್ಯಾಲೆ ಐದು ಹೆಜ್ಜಿ ಇಡತಾಳ್ರೀ. ಹತ್ತು ಇನ್ನೂ ಆಗವಲ್ದು” ಎಂದಳು.